ಜೀನ್ ಸೈಲೆನ್ಸಿಂಗ್‌ನಿಂದ (ಅಂದರೆ ಜೀನಿನ ಕೆಲಸ ತಡೆಯುವುದರಿಂದ) ಬೆಳೆಯನ್ನು ಕೀಟಗಳಿಂದ ಕಾಪಾಡುವುದು ಹೇಗೆ?

ಕೀಟ ಬದುಕಲು ಬೇಕೇ ಬೇಕಾದ ಒಂದು ಜೀನನ್ನು ಆರಿಸಿ, ಅದಕ್ಕೆ ಹೊಂದುವ ಎರಡೆಳೆಯ ಆರ್‌ಎನ್‌ಎ ತಯಾರಿಸುತ್ತಾರೆ. ಎಲೆಯ ಜೊತೆ ಅದು ಕೀಟದ ಹೊಟ್ಟೆ ಸೇರುತ್ತದೆ. ಜೀವಕೋಶದೊಳಗೆ ಡೈಸರ್ ಎಂಬ ಕಿಣ್ವ ಅದನ್ನು ಚಿಕ್ಕ ತುಂಡುಗಳಾಗಿ ಕತ್ತರಿಸುತ್ತದೆ. ಆ ತುಂಡುಗಳ ಗುರುತು ಹಿಡಿದು ಜೀವಕೋಶ, ಆ ಜೀನಿನಿಂದ ಪ್ರೋಟೀನ್ ತಯಾರಿಸಲು ಸೂಚನೆ ಒಯ್ಯುವ ತನ್ನದೇ ಸಂದೇಶವಾಹಕ ಆರ್‌ಎನ್‌ಎಯನ್ನು ನಾಶಮಾಡುತ್ತದೆ. ಜೀನ್ ಹಾಗೇ ಇರುತ್ತದೆ, ಪ್ರೋಟೀನ್ ಮಾತ್ರ ಸಾಕಷ್ಟು ತಯಾರಾಗುವುದಿಲ್ಲ. ಕೆಲವು ದಿನಗಳಲ್ಲಿ ಕೀಟ ಸಾಯುತ್ತದೆ.

ಆರ್‌ಎನ್‌ಎಯನ್ನು ಗಿಡವೇ ತಯಾರಿಸುವಂತೆ ಮಾಡಬಹುದು, ಸಿಂಪಡಿಸಲೂಬಹುದು. ಆಲೂಗಡ್ಡೆ ತಿನ್ನುವ ಕೊಲೊರಾಡೊ ಜೀರುಂಡೆಗೆ ಇಂಥ ಸಿಂಪಡಣೆಯನ್ನು ಅಮೆರಿಕ 2023ರಲ್ಲಿ ಒಪ್ಪಿತು.

ಸರಿಯಾದ ಜೀನ್ ಆರಿಸಿದರೆ ಜೇನುನೊಣಕ್ಕೆ ಅಪಾಯ ಕಡಿಮೆ. ನನಗೆ ಇದೇ ದೊಡ್ಡ ಲಾಭ ಅನ್ನಿಸುತ್ತದೆ. ಆದರೆ ಪತಂಗದ ಹುಳುಗಳ ಮೇಲೆ ಪರಿಣಾಮ ಜಾಸ್ತಿ ಇಲ್ಲ, ಅವುಗಳ ಕರುಳಲ್ಲೇ ಆರ್‌ಎನ್‌ಎ ಒಡೆದುಹೋಗುತ್ತದೆ. ಲ್ಯಾಬಿನಲ್ಲಿ ಜೀರುಂಡೆಗಳೂ ಇದಕ್ಕೆ ನಿರೋಧ ಬೆಳೆಸಿಕೊಂಡಿವೆ. ಹಾಗಾಗಿ ಇದೊಂದನ್ನೇ ನೆಚ್ಚಿಕೊಳ್ಳಬಾರದು.