ಸ್ಟೀವ್ ಬಿಕೊ ಕಟ್ಟಿದ್ದೇನು?

ಪ್ರಶ್ನೆ: ದಕ್ಷಿಣ ಆಫ್ರಿಕಾದ ಸ್ಟೀವ್ ಬಿಕೊ ಅವರ ಕುರಿತು ಓದಿದಾಗಲೆಲ್ಲ ಅವರು ಪೊಲೀಸರ ವಶದಲ್ಲಿ ತೀರಿಕೊಂಡ ಸಂಗತಿಯೇ ಮುಂದೆ ನಿಲ್ಲುತ್ತದೆ. ವಿದ್ಯಾರ್ಥಿ ನಾಯಕರಾಗಿ ಅವರು ಮಾಡಿದ್ದೇನು? ವರ್ಣಭೇದವನ್ನು ವಿರೋಧಿಸುತ್ತಿದ್ದ ಬಿಳಿಯ ವಿದ್ಯಾರ್ಥಿಗಳಿಂದಲೂ ದೂರ ಸರಿದು ಪ್ರತ್ಯೇಕ ಸಂಘ ಕಟ್ಟಿದ್ದು ಇನ್ನೊಂದು ಬಗೆಯ ಭೇದವಾಗಲಿಲ್ಲವೇ?
– ಪದವಿ ವಿದ್ಯಾರ್ಥಿನಿ, ಧಾರವಾಡ

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಬಿಕೊ ಅವರನ್ನು ಅವರ ಕಾಲದ ಹಿತೈಷಿಗಳೂ ಇದನ್ನೇ ಕೇಳಿದ್ದರು. 1966ರಲ್ಲಿ ಅವರು ನಟಾಲ್ ವಿಶ್ವವಿದ್ಯಾಲಯದ ಡರ್ಬನ್ ವೈದ್ಯಕೀಯ ಶಾಲೆಯಲ್ಲಿ ಬಿಳಿಯರಲ್ಲದವರಿಗೆಂದು ಇದ್ದ ವಿಭಾಗವನ್ನು ಸೇರಿದರು. ಬಿಳಿಯರೇ ಹೆಚ್ಚಾಗಿದ್ದ ರಾಷ್ಟ್ರೀಯ ವಿದ್ಯಾರ್ಥಿ ಒಕ್ಕೂಟದಲ್ಲಿ ಆಗ ಅವರೂ ಸಕ್ರಿಯರಾಗಿದ್ದರು. 1967ರ ಜುಲೈನಲ್ಲಿ ರೋಡ್ಸ್ ವಿಶ್ವವಿದ್ಯಾಲಯದಲ್ಲಿ ಅದರ ಸಮ್ಮೇಳನ ನಡೆದಾಗ, ಕಪ್ಪು ಪ್ರತಿನಿಧಿಗಳು ಆವರಣದ ವಸತಿಗೃಹಗಳಲ್ಲಿ ತಂಗುವಂತಿಲ್ಲವೆಂದು ವಿಶ್ವವಿದ್ಯಾಲಯ ತಡೆಯಿತು. ಒಕ್ಕೂಟ ಇದನ್ನು ಖಂಡಿಸಿತು. ಆದರೆ ಎಲ್ಲರಿಗೂ ಸಮಾನವಾಗಿ ತೆರೆದ ಜಾಗ ಸಿಗುವವರೆಗೆ ಸಮ್ಮೇಳನವನ್ನೇ ನಿಲ್ಲಿಸಬೇಕೆಂದು ಬಿಕೊ ಮಂಡಿಸಿದ ನಿರ್ಣಯಕ್ಕೆ ಬಹುಮತ ಸಿಗಲಿಲ್ಲ. ಅನ್ಯಾಯವನ್ನು ಮನಸಾರೆ ಖಂಡಿಸಿದವರೂ ಅದರಿಂದ ತಮಗೆ ದೊರೆತ ಅನುಕೂಲವನ್ನು ಬಿಡಲು ಸಿದ್ಧರಿರಲಿಲ್ಲ ಎಂಬುದು ಅಲ್ಲಿ ಸ್ಪಷ್ಟವಾಯಿತು.

1969ರಲ್ಲಿ, ಕಪ್ಪು ವಿದ್ಯಾರ್ಥಿಗಳ ವಿಶ್ವವಿದ್ಯಾಲಯವಿದ್ದ ಟರ್ಫ್‌ಲೂಪ್‌ನಲ್ಲಿ ಉದ್ಘಾಟನೆಗೊಂಡ ದಕ್ಷಿಣ ಆಫ್ರಿಕಾ ವಿದ್ಯಾರ್ಥಿ ಸಂಘಟನೆ, ಅಂದರೆ ಸಾಸೊ, ಈ ಅರಿವಿನಿಂದ ಹುಟ್ಟಿತು. ಬಿಕೊ ಅದರ ಮೊದಲ ಅಧ್ಯಕ್ಷರಾದರು. ಇನ್ನೊಬ್ಬರನ್ನು ಅಡಿಯಾಳಾಗಿಸುವ ಅಧಿಕಾರವಿದ್ದಾಗ ಮಾತ್ರ ಭೇದವೆನ್ನುವುದು ಸಾಧ್ಯ, ಆ ಅಧಿಕಾರವೇ ಇಲ್ಲದವರು ಒಂದೆಡೆ ಸೇರಿ ತಮ್ಮ ಮಾತನ್ನು ತಾವೇ ಆಡುವುದು ಭೇದವಲ್ಲ ಎಂಬುದು ಅವರ ವಾದವಾಗಿತ್ತು, ಮತ್ತು ನನಗೆ ಅದು ಇಂದಿಗೂ ಸರಿಯೆನಿಸುತ್ತದೆ. ಸಾಸೊ ಆಫ್ರಿಕನ್ನರಿಗಷ್ಟೇ ಮೀಸಲಾಗಿರಲಿಲ್ಲ ಎಂಬುದನ್ನು ನಮ್ಮ ಓದುಗರು ವಿಶೇಷವಾಗಿ ಗಮನಿಸಬೇಕು. ವರ್ಣಭೇದದ ಕಾನೂನಿನ ಕೆಳಗೆ ತುಳಿತಕ್ಕೊಳಗಾದ ಮಿಶ್ರ ಜನಾಂಗದವರಿಗೂ ಭಾರತೀಯ ಮೂಲದವರಿಗೂ ಅಲ್ಲಿ ಸಮಾನ ಸ್ಥಾನವಿತ್ತು. ಭಾರತೀಯ ಮೂಲದ ಸ್ಟ್ರಿನಿ ಮೂಡ್ಲಿ ಮತ್ತು ಸತ್ಸ್ ಕೂಪರ್ ಈ ಚಳವಳಿಗಾಗಿ ರಾಬೆನ್ ದ್ವೀಪದಲ್ಲಿ ಸೆರೆವಾಸ ಅನುಭವಿಸಿದರು.

1972ರಲ್ಲಿ ವೈದ್ಯಕೀಯ ಶಾಲೆ ಬಿಕೊ ಅವರನ್ನು ಹೊರಹಾಕಿತು. ಮರುವರ್ಷ ಸರ್ಕಾರ ಅವರನ್ನು ಹುಟ್ಟೂರಿನ ಕಡೆಯ ಕಿಂಗ್ ವಿಲಿಯಮ್ಸ್ ಟೌನ್‌ಗೆ ನಿರ್ಬಂಧಿಸಿ, ಸಾರ್ವಜನಿಕವಾಗಿ ಮಾತನಾಡುವುದನ್ನೂ ಅವರ ಮಾತನ್ನು ಪತ್ರಿಕೆಗಳು ಉದ್ಧರಿಸುವುದನ್ನೂ ನಿಷೇಧಿಸಿತು. ಭಾಷಣ ನಿಂತರೂ ಕೆಲಸ ನಿಲ್ಲಲಿಲ್ಲ. ಅವರೂ ಸಂಗಾತಿಗಳೂ ಸೇರಿ ಜಿನ್ಯೋಕಾ ಎಂಬ ಹಳ್ಳಿಯಲ್ಲಿ 1975ರಲ್ಲಿ ತೆರೆದ ಜನೆಂಪಿಲೊ ಚಿಕಿತ್ಸಾಲಯವನ್ನು ಸಾಸೊದ ಒಡನಾಡಿ ಡಾ. ಮಂಫೇಲಾ ರಂಫೇಲೆ ನಡೆಸಿದರು. ಸರ್ಕಾರ ಕಡೆಗಣಿಸಿದ ಗ್ರಾಮೀಣ ಜನರಿಗೆ, ಸರ್ಕಾರದ ಮುಂದೆ ಕೈಚಾಚದೆಯೇ ಇಂಥದ್ದನ್ನು ಕಟ್ಟಿ ನಡೆಸಬಹುದೆಂದು ತೋರಿಸಿದ್ದು ಅವರ ಯಾವ ಲೇಖನಕ್ಕಿಂತಲೂ ಕಡಿಮೆಯ ಸಾಧನೆಯಲ್ಲ. 1976ರ ಜೂನ್ 16ರಂದು ಜೋಹಾನ್ಸ್‌ಬರ್ಗ್ ಬಳಿಯ ಕಪ್ಪು ಜನರ ಬಡಾವಣೆ ಸೊವೆಟೊದಲ್ಲಿ ಬೀದಿಗಿಳಿದ ಶಾಲಾ ಮಕ್ಕಳ ದಂಗೆಯನ್ನು ಬಿಕೊ ಸಂಘಟಿಸಿದ್ದಲ್ಲವಾದರೂ, ಆ ಮಕ್ಕಳ ಎದೆಗಾರಿಕೆಯ ಹಿಂದೆ ಅವರ ವಿಚಾರಗಳ ಪ್ರಭಾವವಿತ್ತು.

ಇನ್ನು ಸಾವಿನ ವಿಷಯ. 1977ರ ಆಗಸ್ಟ್ 18ರಂದು ಬಂಧಿತರಾದ ಅವರಿಗೆ ಪೋರ್ಟ್ ಎಲಿಜಬೆತ್‌ನಲ್ಲಿ ವಿಚಾರಣೆಯ ವೇಳೆ ಮಿದುಳಿಗೆ ಮಾರಕ ಪೆಟ್ಟುಬಿತ್ತು. ಬೆತ್ತಲೆಯಾಗಿ, ಬೇಡಿ ಹಾಕಿದ ಸ್ಥಿತಿಯಲ್ಲಿ, ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಪ್ರಿಟೋರಿಯಾಕ್ಕೆ ವಾಹನದಲ್ಲಿ ಸಾಗಿಸಲ್ಪಟ್ಟ ಅವರು ಸೆಪ್ಟೆಂಬರ್ 12ರಂದು ಕೊನೆಯುಸಿರೆಳೆದರು. ಆಗ ಅವರಿಗೆ ಕೇವಲ ಮೂವತ್ತು ವರ್ಷ. ಪೊಲೀಸ್ ಖಾತೆಯ ಸಚಿವ ಜಿಮ್ಮಿ ಕ್ರೂಗರ್ ಅವರು ಬಿಕೊ ಉಪವಾಸ ಮುಷ್ಕರದಿಂದ ಸತ್ತರೆಂಬ ಕಥೆ ಹೇಳಿದರು. ಸಾವಿನ ವಿಚಾರಣೆ ನಡೆಸಿದ ಮ್ಯಾಜಿಸ್ಟ್ರೇಟರು ಯಾರನ್ನೂ ಹೊಣೆಯಾಗಿಸಲಿಲ್ಲ. ವಶದಲ್ಲಿದ್ದ ಬಿಕೊ ಅವರನ್ನು ಪರೀಕ್ಷಿಸಿಯೂ ಪೊಲೀಸರ ಇಚ್ಛೆಗೆ ಮಣಿದಿದ್ದ ಇಬ್ಬರು ವೈದ್ಯರ ಮೇಲೆ ವೈದ್ಯಕೀಯ ಮಂಡಳಿ ಮೊದಲು ಕ್ರಮ ಕೈಗೊಳ್ಳಲಿಲ್ಲ; ಬೇರೆ ವೈದ್ಯರು ಹಟಬಿಡದೆ ನ್ಯಾಯಾಲಯಕ್ಕೆ ಹೋದ ಬಳಿಕ, 1985ರಲ್ಲಿ, ಇಬ್ಬರೂ ತಪ್ಪಿತಸ್ಥರೆಂದು ತೀರ್ಮಾನವಾಯಿತು. ಕೈದಿಯ ಮುಂದೆ ನಿಂತ ವೈದ್ಯನ ನಿಷ್ಠೆ ರೋಗಿಗೋ ಪೊಲೀಸರಿಗೋ ಎಂಬ ಚರ್ಚೆಯಲ್ಲಿ ಈ ಪ್ರಕರಣವನ್ನು ಈಗಲೂ ಉದಾಹರಿಸಲಾಗುತ್ತದೆ. ಕ್ಷಮಾದಾನ ಕೋರಿದ ಪೊಲೀಸರ ಅರ್ಜಿಗಳನ್ನು, ವರ್ಣಭೇದ ಕಾಲದ ದೌರ್ಜನ್ಯಗಳನ್ನು ಪರಿಶೀಲಿಸಿದ ಸತ್ಯ ಮತ್ತು ಸಂಧಾನ ಆಯೋಗ 1999ರಲ್ಲಿ ತಿರಸ್ಕರಿಸಿತು, ಆದರೂ ಯಾರ ಮೇಲೂ ಮೊಕದ್ದಮೆ ಹೂಡಲಿಲ್ಲ. ಆ ಸಾವಿನ ವಿಚಾರಣೆಯನ್ನು 2025ರ ಸೆಪ್ಟೆಂಬರ್‌ನಲ್ಲಿ ಮತ್ತೆ ತೆರೆಯಲಾಗಿದೆ.