ಶವ ಸಿಗದಿದ್ದರೆ ಕೊಲೆ ಕೇಸೇ ಇಲ್ಲವೇ?

ಪ್ರಶ್ನೆ: ಅಕ್ಕ ಕಾಣೆಯಾಗಿ ಎರಡು ವಾರವಾಯಿತು. ಜಮೀನಿನ ವಿಷಯಕ್ಕೆ ಭಾವನ ಜೊತೆ ಜಗಳವಿತ್ತು. ಠಾಣೆಯಲ್ಲಿ ‘ಮಹಿಳೆ ಕಾಣೆ’ ಎಂದು ಬರೆದುಕೊಂಡಿದ್ದಾರೆ. ಅನುಮಾನ ಹೇಳಿದರೆ ‘ಬಾಡಿ ಸಿಗಲಿ, ಆಮೇಲೆ ನೋಡೋಣ’ ಅನ್ನುತ್ತಾರೆ.
(ಹೆಸರು, ಊರು ಬೇಡ)

ಉತ್ತರ: ಆ ಮಾತಿಗೆ ಕಾನೂನಿನಲ್ಲಿ ಆಧಾರವಿಲ್ಲ. ಕೊಲೆಯನ್ನು ಸಾಬೀತುಪಡಿಸಲು ಶವ ಸಿಗಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 1981ರಲ್ಲೇ, ರಮಾನಂದ್ ಪ್ರಕರಣದಲ್ಲಿ ಹೇಳಿದೆ.

ಮೊದಲು ಎಫ್‌ಐಆರ್ ಪ್ರತಿ ನೋಡಿ. ದೂರು ಕೊಟ್ಟವರಿಗೆ ಅದು ಉಚಿತ. ಅದರಲ್ಲಿ ಅಪರಾಧದ ಕಲಂ ಒಂದೂ ಇಲ್ಲದಿದ್ದರೆ ತನಿಖೆ ಫೋಟೊ, ಚಹರೆ ಪಟ್ಟಿ ಕಳಿಸುವಲ್ಲಿಗೆ ನಿಂತುಬಿಡುತ್ತದೆ. ನಿಮಗೆ ಬೇಕಾದದ್ದು ಭಾರತೀಯ ನ್ಯಾಯ ಸಂಹಿತೆಯ 140(1), ಅಂದರೆ ಕೊಲೆಯ ಉದ್ದೇಶದ ಅಪಹರಣ. ಸುಳಿವು ಸಿಕ್ಕಂತೆ 103 (ಕೊಲೆ), 238 (ಸಾಕ್ಷ್ಯನಾಶ) ಸೇರುತ್ತವೆ. 2024ರ ಜುಲೈ 1ಕ್ಕಿಂತ ಹಿಂದಿನ ಘಟನೆಯಾದರೆ ಹಳೆಯ ಐಪಿಸಿ 364, 302, 201.

ಕಲಂ ಬೀಳುವುದು ಅಳುವುದರಿಂದಲ್ಲ, ಬರವಣಿಗೆಯಿಂದ. ‘ಭಾವ ಕೆಟ್ಟವನು’ ಎಂದು ನಾಲ್ಕು ಪುಟ ಬರೆದರೆ ಪ್ರಯೋಜನವಿಲ್ಲ. ಕೊನೆಗೆ ಕಂಡವರು ಯಾರು, ಎಷ್ಟು ಗಂಟೆಗೆ, ಮೈಮೇಲೆ ಯಾವ ಬಟ್ಟೆ, ಯಾವ ಒಡವೆ ಇತ್ತು, ಫೋನು ಯಾವಾಗ ಸ್ವಿಚ್ ಆಫ್ ಆಯಿತು, ಜಗಳ ಯಾವ ದಿನ, ಯಾರೆದುರು ನಡೆಯಿತು, ಇಷ್ಟನ್ನು ಬರೆಯಿರಿ. ಮನೆಯಲ್ಲೇ ಉಳಿದ ವಸ್ತುಗಳ ಪಟ್ಟಿ ಇನ್ನೂ ಮುಖ್ಯ: ಪರ್ಸು, ಆಧಾರ್, ಚಾರ್ಜರ್, ಕನ್ನಡಕ, ದಿನಾ ನುಂಗುವ ಮಾತ್ರೆ. ತಾನಾಗಿ ಮನೆ ಬಿಟ್ಟವರು ಬಿಪಿ ಮಾತ್ರೆ ಬಿಟ್ಟು ಹೋಗುವುದು ಕಡಿಮೆ. ಇದನ್ನೇ ಮರು ಹೇಳಿಕೆಯಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ.

ತೆಗೆದುಕೊಳ್ಳದಿದ್ದರೆ ಅದೇ ದೂರನ್ನು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದದ್ದು) 173(4)ರಡಿ ಎಸ್‌ಪಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ. ಅದಕ್ಕೂ ಉತ್ತರವಿಲ್ಲದಿದ್ದರೆ 175(3)ರಡಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ. ಅಫಿಡವಿಟ್ ಮತ್ತು ಎಸ್‌ಪಿಗೆ ಕಳಿಸಿದ ಅಂಚೆ ರಸೀದಿ ಲಗತ್ತಿಸಿ. ಬಹಳಷ್ಟು ಅರ್ಜಿಗಳು ಬಿದ್ದುಹೋಗುವುದು ಇವೆರಡು ಇಲ್ಲದ್ದಕ್ಕೇ.

ಇದೆಲ್ಲ ನಡೆಯುವಾಗ ಕೈಜಾರುವುದು ಸಿಸಿಟಿವಿ. ಅಂಗಡಿಗಳ ಡಿವಿಆರ್ ಸಾಮಾನ್ಯವಾಗಿ 15ರಿಂದ 30 ದಿನಕ್ಕೆ ಹಳೆಯದರ ಮೇಲೆ ಹೊಸದನ್ನು ಬರೆಯುತ್ತದೆ. ಯಾವ ರಸ್ತೆ, ಯಾವ ಅಂಗಡಿ ಎಂದು ಇವತ್ತೇ ಪಟ್ಟಿ ಮಾಡಿ ತನಿಖಾಧಿಕಾರಿಗೆ ಕೊಡಿ, ದೃಶ್ಯ ಅಳಿಸದಂತೆ ಅಂಗಡಿಯವರಿಗೂ ಬರೆದುಕೊಡಿ. ನೀವೇ ಹಾರ್ಡ್ ಡಿಸ್ಕ್ ಬಿಚ್ಚಬೇಡಿ. ಸಾಕ್ಷ್ಯ ಅಧಿನಿಯಮದ 63(4)ರ ಪ್ರಮಾಣಪತ್ರವಿಲ್ಲದೆ (ಡಿಜಿಟಲ್ ದಾಖಲೆಯ ಜೊತೆ ಕೊಡಬೇಕಾದ ದೃಢೀಕರಣ) ಆ ದೃಶ್ಯ ಕೋರ್ಟಿನಲ್ಲಿ ನಿಲ್ಲದು. ಕರೆ ವಿವರವನ್ನು ಕಂಪನಿಗಳು ಎರಡು ವರ್ಷ ಇಡಬೇಕು, ಅಲ್ಲಿ ಅಷ್ಟು ಧಾವಂತವಿಲ್ಲ. ಅಕ್ಕನ ಕೋಣೆ ಗುಡಿಸಬೇಡಿ. ಬಾಚಣಿಗೆ, ಹಲ್ಲುಜ್ಜುವ ಬ್ರಷ್ಷು ಡಿಎನ್‌ಎ ಪರೀಕ್ಷೆಗೆ ಬೇಕಾಗಬಹುದು, ಇದ್ದಲ್ಲೇ ಇರಲಿ.

ಪ್ರಶ್ನೆ: ಕಾಣೆಯಾದವರು ಬರೆದುಕೊಟ್ಟ ಜಿಪಿಎ (ಅವರ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ) ತೋರಿಸಿ ಅವರ ಸೈಟು ಮಾರುತ್ತಿದ್ದಾರೆ. ತಡೆಯುವುದು ಹೇಗೆ?
(ಓದುಗರು, ದಾವಣಗೆರೆ)

ಉತ್ತರ: ಬೆಂಗಳೂರಿನ ರಿಚ್ಮಂಡ್ ರಸ್ತೆಯ ಪ್ರಕರಣ ನೆನಪಾಗುತ್ತದೆ. ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳು 1991ರಲ್ಲಿ ಕಾಣೆಯಾದರು. ಕೇಳಿದವರಿಗೆಲ್ಲ ಎರಡನೇ ಪತಿ ಶ್ರದ್ಧಾನಂದ ಏನಾದರೊಂದು ನೆಪ ಹೇಳುತ್ತಿದ್ದ, ಇತ್ತ ಅವರ ಜಿಪಿಎ ಬಳಸಿ ಆಸ್ತಿ ಮಾರುತ್ತಿದ್ದ. 1994ರಲ್ಲಿ ಅದೇ ಮನೆಯ ಅಂಗಳದಲ್ಲಿ ಅವರ ಅವಶೇಷ ಸಿಕ್ಕಿತು. 2008ರಲ್ಲಿ ಸುಪ್ರೀಂ ಕೋರ್ಟ್ ಅವನಿಗೆ ಸಾಯುವವರೆಗೂ ಜೈಲು ವಿಧಿಸಿತು. ಹಾಗಾಗಿ ಇಂಥ ಮಾರಾಟ ಬರೀ ಸಿವಿಲ್ ವ್ಯಾಜ್ಯವಲ್ಲ, ಕೊಲೆಯ ಉದ್ದೇಶಕ್ಕೆ ಸಾಕ್ಷಿಯೂ ಆಗಬಹುದು.

ಕಾಣೆಯಾದ ದಿನಕ್ಕೆ ಒಂದು ವರ್ಷ ಹಿಂದಿನಿಂದ ಇವತ್ತಿನವರೆಗೆ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ, ಕ್ರಯಪತ್ರಗಳ ದೃಢೀಕೃತ ನಕಲನ್ನು ತನಿಖಾಧಿಕಾರಿಗೆ ಕೊಡಿ. ಬರೆದುಕೊಟ್ಟವರು ಸತ್ತ ಮೇಲೆ ಜಿಪಿಎಗೆ ಸಾಮಾನ್ಯವಾಗಿ ಬೆಲೆಯಿಲ್ಲ. ಆದರೆ ಸಾವು ಸಾಬೀತಾಗಿಲ್ಲವಲ್ಲ, ತೊಡಕು ಅಲ್ಲಿದೆ. ಸಬ್ ರಿಜಿಸ್ಟ್ರಾರಿಗೆ ತಕರಾರು ಅರ್ಜಿ ಕೊಟ್ಟ ಮಾತ್ರಕ್ಕೆ ನೋಂದಣಿ ನಿಲ್ಲುವುದಿಲ್ಲ; ಸಿವಿಲ್ ಕೋರ್ಟಿನಿಂದ ತಾತ್ಕಾಲಿಕ ತಡೆಯಾಜ್ಞೆ ತರಬೇಕು.

ಪ್ರಶ್ನೆ: ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಹಾಕಿದರೆ ಪೊಲೀಸರು ಚುರುಕಾಗುತ್ತಾರಂತೆ?
(ಓದುಗರು, ಕಲಬುರಗಿ)

ಉತ್ತರ: ಆಗುತ್ತಾರೆ, ಆದರೆ ಅದು ಅಕ್ರಮ ಬಂಧನದ ವಿರುದ್ಧದ ಅರ್ಜಿ. ಯಾರೋ ಕೂಡಿಹಾಕಿದ್ದಾರೆ ಎನ್ನಲು ಆಧಾರವಿಲ್ಲದೆ ‘ಕಾಣೆಯಾಗಿದ್ದಾರೆ’ ಎಂದಷ್ಟೇ ಹೇಳಿದರೆ ವಜಾ ಆಗಬಹುದು. ಆಗ ತನಿಖೆಗೆ ನಿರ್ದೇಶನ ಕೋರುವ ರಿಟ್ ಅರ್ಜಿಯೇ ಸರಿ.

ಪ್ರಶ್ನೆ: ಅಪರಿಚಿತ ಶವ ಸಿಕ್ಕ ಸುದ್ದಿ ಬಂದಾಗಲೆಲ್ಲ ಶವಾಗಾರಕ್ಕೆ ಓಡಬೇಕೇ?
(ಓದುಗರು, ಶಿರಸಿ)

ಉತ್ತರ: ಅಪರಿಚಿತ ಶವವನ್ನು ಹೆಚ್ಚು ದಿನ ಇಡುವುದಿಲ್ಲ, ಹಾಗಾಗಿ ಸುದ್ದಿ ನಿರ್ಲಕ್ಷಿಸಬೇಡಿ. ಆದರೆ ‘ದುಂಡು ಮುಖ, ಗೋಧಿ ಮೈಬಣ್ಣ, ಸಾಧಾರಣ ಮೈಕಟ್ಟು’ ಎಂಬ ನಮ್ಮ ಚಹರೆ ಪಟ್ಟಿ ಅರ್ಧ ರಾಜ್ಯಕ್ಕೆ ಹೊಂದುತ್ತದೆ. ಹಚ್ಚೆ, ಸಿಸೇರಿಯನ್ ಗುರುತು, ಹಲ್ಲಿನ ಕ್ಯಾಪು, ಮೂಳೆಗೆ ಹಾಕಿಸಿದ ರಾಡು, ಎಕ್ಸ್‌ರೇ ಇದ್ದರೆ ಕಡತಕ್ಕೆ ಸೇರಿಸಿ. ಕೊಳೆತ ಶವದಲ್ಲಿ ಮುಖ ನಂಬಬೇಡಿ. ದುಃಖದಲ್ಲಿ ಬೇರೆಯವರ ಶವವನ್ನು ತಮ್ಮವರದೆಂದು ಒಪ್ಪಿಕೊಂಡರೆ ನಿಜವಾದ ಹುಡುಕಾಟ ಅಲ್ಲಿಗೇ ನಿಲ್ಲುತ್ತದೆ. ಡಿಎನ್‌ಎ ಹೋಲಿಕೆಗೆ ತಂದೆ, ತಾಯಿ ಅಥವಾ ಮಕ್ಕಳ ರಕ್ತ ಉತ್ತಮ. ತಂದೆ-ತಾಯಿ ವೃದ್ಧರಾಗಿದ್ದರೆ ಮಾದರಿಯನ್ನು ಈಗಲೇ ಸಂಗ್ರಹಿಸಲು ತನಿಖಾಧಿಕಾರಿಗೆ ಲಿಖಿತವಾಗಿ ಕೇಳಿ.

ಪ್ರಶ್ನೆ: ಏಳು ವರ್ಷವಾದ ಮೇಲೆ ಎಲ್‌ಐಸಿ ಹಣ ತಾನಾಗಿ ಬರುತ್ತದೆಯೇ?
(ಓದುಗರು, ಹಾಸನ)

ಉತ್ತರ: ಇಲ್ಲ. ಸಾಕ್ಷ್ಯ ಅಧಿನಿಯಮದ 111ನೇ ಕಲಂ (ಹಳೆಯ 108) ಪ್ರಕಾರ ಏಳು ವರ್ಷ ಸುದ್ದಿಯೇ ಇಲ್ಲದವರು ಬದುಕಿದ್ದಾರೆ ಎನ್ನುವವರೇ ಅದನ್ನು ತೋರಿಸಬೇಕು, ಅಷ್ಟೇ. ಕಾಣೆಯಾದ ದಿನವೇ ಸತ್ತರು ಎಂದು ಅದರರ್ಥವಲ್ಲ. 2004ರ ಅನುರಾಧಾ ಪ್ರಕರಣದಲ್ಲಿ ಎಲ್‌ಐಸಿ ಗೆದ್ದದ್ದು ಇದೇ ಕಾರಣಕ್ಕೆ. ಪ್ರೀಮಿಯಂ ನಿಲ್ಲಿಸಿದರೆ ಪಾಲಿಸಿ ರದ್ದಾಗಿರುತ್ತದೆ. ಆದ್ದರಿಂದ ಕಂತು ಕಟ್ಟುತ್ತಿರಿ, ಏಳು ವರ್ಷ ತುಂಬಿದ ಮೇಲೆ ಸತ್ತಿದ್ದಾರೆಂದು ಘೋಷಿಸಲು ಸಿವಿಲ್ ಕೋರ್ಟಿನಲ್ಲಿ ಘೋಷಣಾ ದಾವೆ ಹಾಕಿ. ಎಫ್‌ಐಆರ್ ಮತ್ತು ‘ಪತ್ತೆಯಾಗಿಲ್ಲ’ ಎಂಬ ಪೊಲೀಸ್ ವರದಿ ಜೊತೆಗಿರಲಿ. ಇನ್ನು, ಕೊಲೆ ಸಾಬೀತಾದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 25ನೇ ಕಲಂ ಪ್ರಕಾರ ಕೊಂದವರಿಗೆ ಸತ್ತವರ ಆಸ್ತಿಯಲ್ಲಿ ಪಾಲಿಲ್ಲ, ಗಂಡನೇ ಆಗಿದ್ದರೂ.