ಮೊರೀ ಈಜುಕೊಳದ ಬಾಗಿಲು

ಮೊರೀ ಪಟ್ಟಣದ ಆಸ್ಪತ್ರೆಯಲ್ಲಿ ನಿಮಗೆ ನರ್ಸ್ ಕೆಲಸ ಸಿಕ್ಕಿರುವುದು ಸಂತೋಷದ ಸಂಗತಿ. ಸಿಡ್ನಿಯಿಂದ ಅಷ್ಟು ದೂರದ ಊರಿನಲ್ಲಿ ಬಣ್ಣದ ಕಾರಣಕ್ಕೆ ತೊಂದರೆಯಾದೀತೇ, ಮಕ್ಕಳನ್ನು ಕರೆದೊಯ್ಯುವಂಥ ಜಾಗವೇನಾದರೂ ಇದೆಯೇ ಎಂದು ಕೇಳಿದ್ದೀರಿ. ಇಪ್ಪತ್ತೆರಡು ವರ್ಷಗಳಿಂದ ಆಸ್ಟ್ರೇಲಿಯಾದ ಈ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿರುವ ನಾನು ಎರಡೂ ಪ್ರಶ್ನೆಗಳಿಗೆ ಒಂದೇ ಜಾಗವನ್ನು ತೋರಿಸುತ್ತೇನೆ. ಅದು ಆ ಊರಿನ ಈಜುಕೊಳ.

ನೆಲದಾಳದಿಂದ ಬಿಸಿಯಾಗಿಯೇ ಉಕ್ಕುವ ನೀರಿಗೆ ಹೆಸರಾದ ಆ ಕೊಳದಿಂದ, ಆ ನೆಲದ ಮೂಲನಿವಾಸಿಗಳಾದ ಗಮಿಲರಾಯ್ ಜನರನ್ನು 1955ರಲ್ಲಿ ಪುರಸಭೆಯೇ ನಿರ್ಣಯ ಮಾಡಿ ಹೊರಗಿಟ್ಟಿತು. ಶಾಲೆಯ ಈಜುಪಾಠದ ಹೊತ್ತಿನಲ್ಲಿ ಅವರ ಮಕ್ಕಳಿಗೆ ಪ್ರವೇಶವಿತ್ತು. ಶಾಲೆ ಬಿಟ್ಟ ಮೇಲೆ ಅದೇ ತರಗತಿಯ ಬಿಳಿಯ ಮಕ್ಕಳು ನೀರಿನಲ್ಲೇ ಆಡುತ್ತಿದ್ದರೆ ಇವರು ಹೊರನಡೆಯಬೇಕಿತ್ತು.

1965ರ ಫೆಬ್ರವರಿಯಲ್ಲಿ ಸಿಡ್ನಿ ವಿಶ್ವವಿದ್ಯಾಲಯದ ಸುಮಾರು ಮೂವತ್ತು ವಿದ್ಯಾರ್ಥಿಗಳು, ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಹುಟ್ಟಿದ ಮೂಲನಿವಾಸಿ ಸಹಪಾಠಿ ಚಾರ್ಲ್ಸ್ ಪರ್ಕಿನ್ಸ್ ಅವರ ಮುಂದಾಳತ್ವದಲ್ಲಿ ಬಸ್ಸು ಹತ್ತಿ ಊರೂರು ಸುತ್ತಿದರು. ಅಮೆರಿಕದ ಕಪ್ಪು ಜನರ ಹೋರಾಟದಿಂದ ಹೆಸರು ಪಡೆದ ಆ ಪಯಣವನ್ನು ಇಂದಿಗೂ ಫ್ರೀಡಂ ರೈಡ್ ಎನ್ನುತ್ತಾರೆ. ವಾಲ್ಗೆಟ್ ಎಂಬಲ್ಲಿ, ಯುದ್ಧದಲ್ಲಿ ದುಡಿದು ಬಂದ ಮೂಲನಿವಾಸಿಗಳನ್ನೂ ಮಾಜಿ ಸೈನಿಕರ ಕ್ಲಬ್ಬು ಸದಸ್ಯರನ್ನಾಗಿ ಮಾಡಿಕೊಳ್ಳುತ್ತಿರಲಿಲ್ಲವಾದ್ದರಿಂದ ಅದರೆದುರು ಫಲಕ ಹಿಡಿದು ನಿಂತರು. ಆ ರಾತ್ರಿ ಊರು ಬಿಟ್ಟ ಅವರ ಬಸ್ಸನ್ನು ವಾಹನವೊಂದು ಗುದ್ದಿ ರಸ್ತೆಯಿಂದಾಚೆ ತಳ್ಳಿತು. ಮೊರೀಯಲ್ಲಿ ಪರ್ಕಿನ್ಸ್ ಮೂಲನಿವಾಸಿ ಮಕ್ಕಳನ್ನು ಕೊಳಕ್ಕೆ ಕರೆದುಕೊಂಡು ಹೋಗಿ ಅವರೊಂದಿಗೆ ಈಜಿದರು. ಬಸ್ಸು ಮುಂದಿನ ಊರಿಗೆ ಹೊರಟದ್ದೇ ತಡ, ನಿಷೇಧ ಮತ್ತೆ ಜಾರಿಯಾಯಿತು. ಸುದ್ದಿ ತಿಳಿದ ವಿದ್ಯಾರ್ಥಿಗಳು ಹಿಂದಿರುಗಿ ಬಂದು, ಮೊಟ್ಟೆ, ಟೊಮೆಟೊ ಎಸೆಯುವ ಗುಂಪಿನ ನಡುವೆ ಗಂಟೆಗಟ್ಟಲೆ ನಿಂತು, ನಿಷೇಧ ತೆಗೆಸುವ ಮಾತು ಪಡೆದರು. ಪತ್ರಿಕೆಗಳಲ್ಲಿ ಸುದ್ದಿಯಾದ ಮೇಲೆ ಅಲ್ಲಿಗೇ ಬಿಟ್ಟು ಮುಂದೆ ಹೋಗಬಹುದಿತ್ತು. ಅವರು ತಿರುಗಿ ಬಂದದ್ದೇ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ.

1967ರ ಮೇ 27ರ ಜನಮತಗಣನೆಯಲ್ಲಿ ಸಂವಿಧಾನದೊಳಗೆ ಮೂಲನಿವಾಸಿಗಳ ಬಗೆಗಿದ್ದ ಭೇದದ ಮಾತುಗಳನ್ನು ತೆಗೆಯಲು ಶೇಕಡಾ 90ಕ್ಕೂ ಹೆಚ್ಚು ಮಂದಿ ಒಪ್ಪಿದರು. (ಅವರಿಗೆ ಮತದಾನದ ಹಕ್ಕು ಸಿಕ್ಕಿದ್ದೇ ಆಗ ಎಂದು ನಮ್ಮವರಲ್ಲಿ ಹಲವರು ಹೇಳುವುದುಂಟು, ರಾಷ್ಟ್ರೀಯ ಚುನಾವಣೆಗಳಲ್ಲಿ ಆ ಹಕ್ಕು 1962ರಲ್ಲೇ ಬಂದಿತ್ತು.) ನಮ್ಮಂಥವರನ್ನು ದೂರವಿಟ್ಟಿದ್ದ ಬಿಳಿಯ ಆಸ್ಟ್ರೇಲಿಯಾ ನೀತಿಯೂ ಆ ವರ್ಷಗಳಲ್ಲೇ ಸಡಿಲಗೊಂಡು 1973ರಲ್ಲಿ ಕೊನೆಯಾಯಿತು.

ಎಂಟು ವರ್ಷದ ಮಗಳ ಕೈ ಹಿಡಿದು ನಾನು ಮೊರೀ ಕೊಳದಲ್ಲಿ ಟಿಕೆಟ್ ಕೇಳಿದಾಗ, ಕಿಟಕಿಯ ಹಿಂದಿದ್ದ ಹುಡುಗಿ ಕೇಳಿದ್ದು ಎಷ್ಟು ಜನ ಎಂಬುದೊಂದನ್ನೇ. ಮಗಳು ಓಡಿಹೋಗಿ ನೀರಿಗಿಳಿದಳು. ನನಗೆ ಚಿಲ್ಲರೆ ಎಣಿಸಿಕೊಳ್ಳಲೂ ಆಗಲಿಲ್ಲ. ನಮ್ಮೂರಿನಲ್ಲಿ ಬೇರೆಯವರು ನೀರು ಸೇದಿ ಕೊಡುವವರೆಗೆ ಬಾವಿಯಿಂದಾಚೆ ಕೊಡ ಹಿಡಿದು ಕಾಯುತ್ತಿದ್ದವರನ್ನು ಚಿಕ್ಕಂದಿನಲ್ಲಿ ಕಣ್ಣಾರೆ ಕಂಡವನು ನಾನು. 2013ರಲ್ಲಿ ಆ ಕೊಳ ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿದೆ.

ಒರಟು ಮಾತು ನನ್ನ ಕಿವಿಗೂ ಒಂದೆರಡು ಸಲ ಬಿದ್ದಿದೆ, ನಿಮಗೂ ಬೀಳಬಹುದು. ಆದರೆ ಬದುಕಲು ಅಡ್ಡಿಯಾಗುವಷ್ಟಲ್ಲ. ಅದಕ್ಕಿಂತ ಮುಖ್ಯವಾದ ಒಂದು ಮಾತಿದೆ. ಅಂದು ಕೊಳದಿಂದ ಹೊರಗೆ ಕಳುಹಿಸಲ್ಪಟ್ಟ ಮಕ್ಕಳು ಈಗ ಎಪ್ಪತ್ತರ ಆಸುಪಾಸಿನ ಅಜ್ಜಿ-ತಾತಂದಿರು, ನಿಮ್ಮ ವಾರ್ಡಿಗೆ ಬರುವವರಲ್ಲಿ ಅವರೂ ಇದ್ದಾರು. ಅವಸರ ಮಾಡದೆ ಪಕ್ಕದಲ್ಲಿ ಕುಳಿತು, ಅವರ ಮಾತು ಪೂರ್ತಿ ಕೇಳಿ.